ಬಂಕಾಪುರದ ತೋಳ, ದರೋಜಿಯ ಕರಡಿ, ಮಧ್ಯೆ ಎರಡು ರೊಟ್ಟಿ

ಗಂಗಾವತಿ ಅಂದರೆ ಭತ್ತ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದಲ್ಲೆಲ್ಲ ಹಸಿರು, ರಸ್ತೆ ಬದಿಗೆ ರೈಸ್ ಮಿಲ್ಲುಗಳು. ಕಾಲುವೆ ನೀರು ಹತ್ತದ ಕಡೆ ಹೋದರೆ ಬರೀ ಕುರುಚಲು ಗಿಡ, ಬಂಡೆ, ಒಣಹುಲ್ಲು. ನಾನೂ ನನ್ನ ತಮ್ಮನೂ ಕಾರು ತಗೊಂಡು ಹೊರಟಿದ್ದು ಈ ಒಣ ಜಾಗಕ್ಕೇ. ಗಂಗಾವತಿ ತಾಲ್ಲೂಕಿನ ಬಂಕಾಪುರದ 332 ಎಕರೆ ಬಯಲನ್ನು 2025ರಲ್ಲಿ ಸರ್ಕಾರ ತೋಳಧಾಮ ಮಾಡಿದೆ. ರಾಜ್ಯದಲ್ಲಿ ಇದೇ ಮೊದಲು.

ಬೇಲಿಯಾಚೆಗೆ ಬೈನಾಕ್ಯುಲರ್ ಹಿಡಿದು ನಿಂತಿದ್ದೇ ಬಂತು. ದೂರದಲ್ಲಿ ಚಿಗರಿ ಹಿಂಡೊಂದು ಕಂಡಿತು, ಅಷ್ಟೇ. ಪಕ್ಕದ ಹೊಲದಲ್ಲಿ ಹಟ್ಟಿ ಹಾಕಿದ್ದ ಕುರಿಗಾರ ಯಜಮಾನರು ನಮ್ಮನ್ನು ನೋಡಿ ನಕ್ಕರು. "ನಿಂತು ನೋಡಿದ್ರ ಕಾಣಂಗಿಲ್ರಿ. ಬರ್ರಿ, ಕುಂದರ್ರಿ. ಕುರಿ ನೋಡ್ರಿ, ಅವಾ ತೋರಸ್ತಾವು" ಅಂದರು.

ಕೂತೆವು. ಅವರ ಮನೆಯವರು ಆಡಿನ ಹಾಲನ್ನು ನೇರ ಚಹಾದ ಪಾತ್ರೆಗೇ ಕರೆದರು. ಬಟ್ಟೆ ಗಂಟು ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇಟ್ಟರು. ಉಳ್ಳಾಗಡ್ಡೆಯನ್ನು ಅಂಗೈಯಲ್ಲಿ ಗುದ್ದಿ ಒಡೆದು ರೊಟ್ಟಿ ಮೇಲೆ ಹಾಕಿದರು. ಎರಡು ರೊಟ್ಟಿಗೆ ಸಾಕು ಅಂದರೆ, "ಇಷ್ಟ ತಿಂದು ಊರು ಮುಟ್ತೀರೇನಪಾ?" ಎಂದು ಬೈದರು. ದುಡ್ಡು ಕೊಡೋಕೆ ನನ್ನ ತಮ್ಮ ಜೇಬಿಗೆ ಕೈ ಹಾಕಿದ. ನಾನು ಕಣ್ಣಲ್ಲೇ ಗದರಿದೆ.

ಆಗಲೇ ಕುರಿಗಳು ಮೇಯುವುದನ್ನು ನಿಲ್ಲಿಸಿದವು. ಅಷ್ಟೂ ತಲೆ ಒಂದೇ ದಿಕ್ಕಿಗೆ ತಿರುಗಿದವು. ನಾಯಿಗಳು ಎದ್ದು ನಿಂತವು. ಯಜಮಾನರು ಕೋಲು ತೋರಿಸಿದ ಕಡೆ ನೋಡಿದರೆ ಹುಲ್ಲು ಬಿಟ್ಟು ಏನೂ ಇಲ್ಲ. ಆಮೇಲೆ ಆ ಹುಲ್ಲಿನ ಒಂದು ತುಂಡು ನಡೆಯತೊಡಗಿತು! ಉದ್ದ ಕಾಲು, ಸಣಕಲು ಮೈ, ಇಳಿಬಿಟ್ಟ ಬಾಲ. ನಾಲ್ಕು ಹೆಜ್ಜೆ ಇಟ್ಟು ನಮ್ಮ ಕಡೆ ತಿರುಗಿ ನೋಡುವುದು, ಮತ್ತೆ ನಡೆಯುವುದು. ಅವಸರವೇ ಇಲ್ಲ. ನಾಯಿಗಳು ಬೊಗಳುತ್ತಾ ಓಡಿದ ಮೇಲೆ ಗಿಡಗಳ ಮರೆಗೆ ಹೋಯಿತು.

"ಮೊನ್ನೆ ಒಂದು ಮರಿ ಒಯ್ತ್ರಿ. ಇರ್ಲಿ, ಅದರ ಪಾಲು ಅದು ಒಯ್ತೈತಿ" ಅಂದರು ಯಜಮಾನರು.

ಮಗನಿಗೆ ಸಿಟ್ಟು ಬಂತು. "ಪಾಲು ಅನ್ನಾಕ ಅದೇನು ಬಂಡವಾಳ ಹಾಕೈತೇನು? ಪರಿಹಾರಕ್ಕ ಅರ್ಜಿ ಕೊಡ್ರಿ ಅಂತಾರ. ಇವತ್ತು ಈ ಹೊಲ, ನಾಳೆ ಇನ್ನೊಂದು. ಕಾಗದ ಹಿಡಕೊಂಡು ಅಡ್ಡಾಡೂದೋ, ಕುರಿ ಕಾಯೂದೋ?"

ಅಪ್ಪ ಮಾತಾಡಲಿಲ್ಲ. ತೋಳ ಉಳಿಯಬೇಕು ಅಂತ ಪಟ್ಟಣದಲ್ಲಿ ಕೂತು ಹೇಳುವುದು ಸುಲಭ, ಅಲ್ವಾ? ನಾನೂ ಹೇಳುವವನೇ. ಆದರೆ ಆ ಹುಡುಗನ ಮುಂದೆ ಬಾಯಿ ಬರಲಿಲ್ಲ.

ಮಧ್ಯಾಹ್ನ ಕಂಪ್ಲಿ ಸೇತುವೆ ಹತ್ತಿರ ಸ್ವಲ್ಪ ಹೊತ್ತು ನಿಂತೆವು. ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಇಲ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆ 2015ರಿಂದ ನೀರುನಾಯಿಗಳಿಗೆ ಮೀಸಲು. ಒಂದೂ ಕಾಣಲಿಲ್ಲ. ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು ಮುಂದೆ ಹೋದೆವು.

ದರೋಜಿ ಕರಡಿಧಾಮದಲ್ಲಿ ಇಷ್ಟು ಹುಡುಕಾಟವಿಲ್ಲ. 1994ರಲ್ಲಿ ಆದ ಧಾಮ ಇದು. ಅರಣ್ಯ ಸಿಬ್ಬಂದಿ ಮಧ್ಯಾಹ್ನ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹೋಗುತ್ತಾರೆ. ನಾವು ಎದುರಿನ ಗುಡ್ಡದ ವೀಕ್ಷಣಾ ಗೋಪುರದಲ್ಲಿ ಕೂರಬೇಕು. ಮೊದಲು ನವಿಲು, ಮುಂಗುಸಿ ಬಂದು ಪಾಕಕ್ಕೆ ಬಾಯಿ ಹಾಕಿದವು. ಬಿಸಿಲು ಇಳಿದ ಮೇಲೆ ತಾಯಿಕರಡಿ ಬಂತು, ಬೆನ್ನ ಮೇಲೆ ಎರಡು ಮರಿ. ಚಂದವೇ. ಆದರೂ ಕರೆದು ಉಣಿಸಿ ನೋಡುವುದು ನನಗೆ ಅಷ್ಟು ರುಚಿಸಲಿಲ್ಲ. ತಮ್ಮ ಒಪ್ಪಲಿಲ್ಲ. ಅವನ ಮೊಬೈಲ್ ತುಂಬಾ ಕರಡಿ.

ಕುರಿಗಾರರ ಮಗ ಬೆಳಗ್ಗೆ ನಂಬರ್ ತಗೊಂಡಿದ್ದ. ರಾತ್ರಿ ಅವನಿಗೆ ಫೋಟೊ ಕಳಿಸಿದ ಮೇಲೆ ಫೋನ್ ಬಂತು. ಬಂಡೆಗೆ ಏನು ಬಳಿದಾರೆ ಅಂತ ಕೇಳಿದ. ಹೇಳಿದೆ.

"ಕರಡಿಗಿ ಬೆಲ್ಲ ಸರ್ಕಾರ ಕೊಡ್ತೈತಿ. ತ್ವಾಳಕ್ಕ ಮರಿ ನಾವು ಕೊಡಬೇಕು, ಹೌದಿಲ್ರಿ?" ಅಂದ. ಹೌದು ಅಂದೆ. ನಗುತ್ತಲೇ, ಮುಂದಿನ ಸಲ ಬಂದಾಗ ಮನೆಗೇ ಊಟಕ್ಕೆ ಬರಬೇಕು ಅಂತ ಹೇಳಿ ಇಟ್ಟ.