ಕುಂಟು ನಿಂತ ಮಾತ್ರಕ್ಕೆ ಎತ್ತಿನ ಕಾಲು ಗುಣವಾಗಿಲ್ಲ

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಗೋಕಾಕದ ದಾರಿಗಳಲ್ಲಿ ಭಾರದ ಗಾಡಿ ಎಳೆಯುವ ಎತ್ತು ಕಾಲು ಜಾರಿತೆಂದರೆ, ಮೊಣಕಾಲಿನ ಕೆಳಗೆ ಹಿಂಬದಿಯ ಸ್ನಾಯುರಜ್ಜಿನ ಎಳೆಗಳು ಹರಿಯಬಹುದು. ನಮ್ಮ ಕಡೆ ‘ನರ ಹರದೈತಿ’ ಅನ್ನೋದು ಇದಕ್ಕೇ. ನಿಜವಾಗಿ ಇದು ನರವಲ್ಲ, ಸ್ನಾಯುವನ್ನು ಎಲುಬಿಗೆ ಬಿಗಿದ ಹಗ್ಗ. ರಕ್ತ ಸಂಚಾರ ಕಡಿಮೆ ಇರುವ ಜಾಗವಾದ್ದರಿಂದ ಮಾಯುವುದೂ ನಿಧಾನ.

ಮೊದಲ ವಾರ ಬಾವು, ಬಿಸಿ. ಮುಂದಿನ ಐದಾರು ವಾರ ದೇಹ ಕೊಲಾಜನ್ ಎಂಬ ಪ್ರೋಟೀನಿನ ಹೊಸ ಎಳೆ ಹಾಕುತ್ತದೆ. ಅದು ಮೂರನೇ ಬಗೆಯ ತೆಳು ಎಳೆ, ಅಡ್ಡಾದಿಡ್ಡಿಯಾಗಿ ಹೆಣೆದಿರುತ್ತದೆ. ಅದರ ಜಾಗಕ್ಕೆ ಗಟ್ಟಿಯಾದ ಒಂದನೇ ಬಗೆಯ ಎಳೆ ಬಂದು ನೇರವಾಗಲು ತಿಂಗಳುಗಳು ಬೇಕು, ಕೆಲವೊಮ್ಮೆ ವರ್ಷವೇ ಹಿಡಿಯುತ್ತದೆ. ನೋವು ಮಾತ್ರ ಅದಕ್ಕಿಂತ ಬಹಳ ಮೊದಲೇ ಇಳಿಯುತ್ತದೆ. ಎತ್ತು ನೆಟ್ಟಗೆ ನಡೆಯಿತೆಂದು ಆಗಲೇ ಹೂಡಿದರೆ ಅದೇ ಜಾಗ ಮತ್ತೆ ಹರಿಯುತ್ತದೆ. ಹೆಚ್ಚಿನ ಎತ್ತುಗಳು ಕೆಡುವುದು ಇಲ್ಲಿಯೇ.

ಮೊದಲ ಮೂರು ದಿನ ಬೋರಿನ ತಣ್ಣೀರನ್ನು ಪೈಪಿನಿಂದ 15-20 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ ಬಿಡಿ. ತಿಕ್ಕಬೇಡಿ, ಬಿಸಿ ಶಾಖ ಕೊಡಬೇಡಿ. ಬರೆ ಹಾಕುವುದಂತೂ ಬೇಡವೇ ಬೇಡ. ಸುಡುವುದು ಚರ್ಮ, ರಜ್ಜಿಗೆ ಅದರಿಂದ ಲಾಭವಿಲ್ಲ. ಬರೆ ಹಾಕಿದ ಮೇಲೆ ಗುಣವಾಯಿತು ಅನ್ನುವಲ್ಲೆಲ್ಲ ಗುಣ ಮಾಡಿದ್ದು ಆಮೇಲೆ ಸಿಕ್ಕ ವಿಶ್ರಾಂತಿ. ನೋವಿನ ಔಷಧ ಯಾವುದೆಂದು ವೈದ್ಯರು ಹೇಳಲಿ. ರಣಹದ್ದುಗಳ ಸಾವಿಗೆ ಕಾರಣವಾದ ಡೈಕ್ಲೊಫೆನಾಕ್ ಅನ್ನು ಜಾನುವಾರುಗಳಿಗೆ ಕೊಡುವುದು 2006ರಿಂದ ನಿಷಿದ್ಧ, ಅದರ ಬದಲಿಗೆ ಮೆಲಾಕ್ಸಿಕ್ಯಾಂ ಇದೆ. ನೋವು ಪೂರ್ತಿ ಹೋದರೆ ಎತ್ತು ಕಾಲನ್ನು ಅತಿಯಾಗಿ ಊರುತ್ತದೆ ಅನ್ನುವುದೂ ನೆನಪಿರಲಿ.

ಎರಡು ಮೂರು ವಾರ ಕೊಟ್ಟಿಗೆಯಲ್ಲೇ ಇರಲಿ. ಕೆಳಗೆ ಒಣ ರವದಿ (ಕಬ್ಬಿನ ಗರಿ) ಹಾಸಿ, ಜಾರುವ ಕಾಂಕ್ರೀಟ್ ಬೇಡ. ದುಡಿಮೆ ಇಲ್ಲದಾಗ ಹಿಂಡಿ ಕಡಿಮೆ ಮಾಡಿ, ಕಣಿಕೆ (ಜೋಳದ ಒಣ ದಂಟು), ಹಸಿ ಮೇವು ಸಾಕು. ಮೈ ಏರಿದಷ್ಟೂ ಕಾಲಿಗೆ ಭಾರ. ಬಾವು ಇಳಿದ ಮೇಲೆ ಗಟ್ಟಿ, ಸಮ ನೆಲದಲ್ಲಿ ಹಗ್ಗ ಹಿಡಿದು ದಿನಕ್ಕೆರಡು ಸಲ ಐದೈದು ನಿಮಿಷ ನಡೆಸಿ, ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಹೋಗಿ. ಎಳೆಗಳು ಒಂದೇ ದಿಕ್ಕಿಗೆ ಸಾಲಾಗುವುದು ಈ ಹಗುರ ಎಳೆತದಿಂದಲೇ. ತಿಂಗಳುಗಟ್ಟಲೆ ಕಟ್ಟಿಹಾಕಿದರೆ ರಜ್ಜು ಸುತ್ತಲಿನ ಪೊರೆಗೆ ಅಂಟಿಕೊಂಡು ಕಾಲು ಬಿರುಸಾಗುತ್ತದೆ. ಮಳೆಯಾದ ಎರೆ (ಕಪ್ಪು ಮಣ್ಣಿನ) ಹೊಲಕ್ಕೆ ಇಳಿಸಬೇಡಿ: ಹೂತ ಗೊರಸನ್ನು ಕಿತ್ತೆತ್ತುವ ಎಳೆತವೇ ಹೊಸ ಎಳೆ ಹರಿಯಲು ಸಾಕು.

ದಿನಾ ಬೆಳಿಗ್ಗೆ ಎರಡೂ ಕಾಲನ್ನು ಅಂಗೈ ಹಿಂಬದಿಯಿಂದ ಮುಟ್ಟಿ ಬಿಸಿ ಹೋಲಿಸಿ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ದಾರ ಸುತ್ತಿ ಗಂಟು ಹಾಕಿ ದಪ್ಪ ಅಳೆಯಿರಿ. ಬಿಸಿ ಅಥವಾ ದಪ್ಪ ಹೆಚ್ಚಿದರೆ ಹಿಂದಿನ ವಾರದ ನಡಿಗೆಗೆ ಮರಳಿ. ಗಾಡಿ, ತೆರಬಂಡಿ ಸ್ಪರ್ಧೆ ಆರು ತಿಂಗಳ ಮುಂಚೆ ಬೇಡ. ಹೆಚ್ಚು ಹರಿದಿದ್ದರೆ ಒಂಬತ್ತರಿಂದ ಹನ್ನೆರಡು ತಿಂಗಳು.

ಕುಂಟೆಯ ಕುಡ (ಕಬ್ಬಿಣದ ಅಲಗು) ಅಥವಾ ಕುಡಗೋಲು ತಾಗಿ ಕಡಿದಿದ್ದರೆ ಮಾತೇ ಬೇರೆ. ಅದು ತಾನಾಗಿ ಕೂಡುತ್ತದೆಂದು ಕಾಯಬೇಡಿ. ಹಿಂಬದಿಯ ರಜ್ಜು ಆಳಕ್ಕೆ ಕಡಿದರೆ ಗೊರಸಿನ ತುದಿ ಮೇಲೇಳುತ್ತದೆ. ಮುಂಬದಿಯದು ಕಡಿದರೆ ಪಾದ ಮುಂದಕ್ಕೆ ಮಡಚಿ ಬೀಳುತ್ತದೆ. ಈ ಮುಂಬದಿಯ ಗಾಯ ಪಟ್ಟಿ ಕಟ್ಟಿದರೆ ಚೆನ್ನಾಗಿ ಮಾಯುತ್ತದೆ. ಹಿಂಗಾಲಿನ ಹಿಮ್ಮಡಿ ನೆಲಕ್ಕಿಳಿದರೆ ಭಾರಿ ಎತ್ತು ಗುಣವಾಗುವುದು ಕಷ್ಟ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಹಾಕಿ ತೊಳೆಯಿರಿ. ಸುಣ್ಣ, ಸೀಮೆಎಣ್ಣೆ, ಬೂದಿ ಹಚ್ಚಬೇಡಿ. ದಪ್ಪ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಪಿವಿಸಿ ಪೈಪನ್ನು ಗೊರಸಿನಿಂದ ಮೇಲಕ್ಕೆ ಆಧಾರವಾಗಿ ಕಟ್ಟಿ, ಪೈಪಿನ ಅಂಚಿಗೂ ಹತ್ತಿ ಇಡಿ. ಸಣ್ಣ ಹಗ್ಗದಿಂದ ಬಿಗಿದರೆ ಅದರ ಕೆಳಗಿನ ಭಾಗ ಕೊಳೆಯುತ್ತದೆ. ಕಟ್ಟಿದ ಕೂಡಲೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. ಹೊಲಿಗೆ ಅದೇ ದಿನ ಬೀಳಬೇಕು.