ಕೆಂಪು ಬಳಿದ ನಕ್ಷೆ

ಗಲಭೆಯಾದಾಗ ಎಲ್ಲರೂ ಕೇಳುವುದು ಕಲ್ಲು ಎಸೆದವರು ಯಾರು ಎಂದು. ಅಮೆರಿಕದ ಡೆಟ್ರಾಯಿಟ್ ನಗರದ 1967ರ ಗಲಭೆಯ ಬಗ್ಗೆ ಓದುತ್ತಿದ್ದೆ; ಆ ಪ್ರಶ್ನೆ ತೀರಾ ತಡವಾಗಿ ಹುಟ್ಟಿದ್ದು ಎನ್ನಿಸಿತು. ಪರವಾನಗಿಯಿಲ್ಲದ ಮದ್ಯದಂಗಡಿಯೊಂದರ ಮೇಲೆ ಜುಲೈ 23ರ ನಸುಕಿನಲ್ಲಿ ಪೊಲೀಸರು ದಾಳಿ ಮಾಡಿದರು. ಅದರ ಬೆನ್ನಿಗೇ ಗಲಭೆ, 43 ಸಾವು.

ಕಿಡಿ ಅದೇ, ನಿಜ. ಸೌದೆ ಒಟ್ಟಿದ್ದು ಮಾತ್ರ ಬಹಳ ಹಿಂದೆ. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆ ಬರೆಸಿ, ಕಪ್ಪು ವರ್ಣೀಯರಿದ್ದ ಬಡಾವಣೆಗಳಿಗೆ ಸಾಲ ಕೊಡಲು ‘ಅಪಾಯಕಾರಿ’ ಎಂದು ಕೆಂಪು ಬಳಿಯಿತು. ಗೃಹಸಾಲಕ್ಕೆ ಸರ್ಕಾರ ಕೊಡುತ್ತಿದ್ದ ಖಾತರಿ ಬಿಳಿಯರ ಉಪನಗರಗಳ ಪಾಲಾಯಿತು. ಕಾರ್ಖಾನೆಗಳೂ ಆ ಕಡೆಗೇ ಸರಿದವು. ಡೆಟ್ರಾಯಿಟ್‌ನಲ್ಲಿ ಕಪ್ಪು ವರ್ಣೀಯರೇ ಹೆಚ್ಚಿದ್ದ ಬ್ಲ್ಯಾಕ್ ಬಾಟಮ್ ಬಡಾವಣೆಯನ್ನು ಕೆಡವಿ ಹೆದ್ದಾರಿ ಹಾಸಿದರು. ಆಗ ಶಾಲೆಯ ಹಣದಲ್ಲಿ ದೊಡ್ಡ ಪಾಲು ಬರುತ್ತಿದ್ದುದು ಸ್ಥಳೀಯ ಆಸ್ತಿ ತೆರಿಗೆಯಿಂದ. ಮನೆಯ ಬೆಲೆ ಕುಸಿದರೆ ಮಗುವಿನ ಪಾಠವೂ ಸೊರಗುತ್ತಿತ್ತು. ಇಷ್ಟೆಲ್ಲ ಕಾಗದದ ಮೇಲೆ, ಸಹಿ ಮತ್ತು ಮೊಹರಿನೊಂದಿಗೆ ನಡೆಯಿತು. ನನಗೆ ಸಿಟ್ಟು ತರಿಸುವುದು ಇದೇ.

ಇಂಥ ಗಲಭೆಗಳ ಕಾರಣ ಹುಡುಕಲು ಅಧ್ಯಕ್ಷ ಜಾನ್ಸನ್ ನೇಮಿಸಿದ ಕರ್ನರ್ ಆಯೋಗ 1968ರಲ್ಲಿ ವರದಿ ಕೊಟ್ಟಿತು. ಗಲಭೆಗಳ ಹಿಂದೆ ಯಾರದೋ ಪಿತೂರಿ ಇರಲಿಲ್ಲ. ಪೊಲೀಸರ ವರ್ತನೆ, ನಿರುದ್ಯೋಗ, ಕೆಟ್ಟ ವಸತಿ ಇವೇ ದೊಡ್ಡ ದೂರುಗಳು ಎಂದಿತು. (ಹನ್ನೊಂದು ಸದಸ್ಯರಲ್ಲಿ ಕಪ್ಪು ವರ್ಣೀಯರು ಇಬ್ಬರೇ.) ಜಾನ್ಸನ್ ವರದಿಯನ್ನು ತಣ್ಣಗೆ ಪಕ್ಕಕ್ಕಿಟ್ಟರು. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿ ವಾರ ಕಳೆದ ಮೇಲೆ ವಸತಿ ತಾರತಮ್ಯ ನಿಷೇಧಿಸುವ ಕಾನೂನು ಬಂತು. ಅದಕ್ಕೆ ಸರಿಯಾದ ಹಲ್ಲು ಮೂಡಿದ್ದು 1988ರ ತಿದ್ದುಪಡಿಯಲ್ಲಿ.