ಸುಟ್ರೋ ಕಟ್ಟಿಸಿದ ಕೊಳ

ಸ್ಯಾನ್ ಫ್ರಾನ್ಸಿಸ್ಕೋದ ಪಶ್ಚಿಮ ತುದಿಯಲ್ಲಿ ಲ್ಯಾಂಡ್ಸ್ ಎಂಡ್ ಅಂತ ಒಂದು ಜಾಗವಿದೆ. ಮಗಳ ಮನೆಯಲ್ಲಿದ್ದಾಗ ಒಂದು ಭಾನುವಾರ ಅವಳ ಜೊತೆ ಅಲ್ಲಿಗೆ ಹೋಗಿದ್ದೆ. ಮೆಟ್ಟಿಲಿಳಿದು ಹೋದರೆ ಕಡಲಿಗೆ ಅಂಟಿಕೊಂಡಂತೆ ಮುರಿದ ಕಾಂಕ್ರೀಟ್ ಗೋಡೆಗಳು. ಗೋಡೆಗಳ ನಡುವೆ ಹಸಿರು ನೀರು ನಿಂತಿತ್ತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಅಲೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು.

"ಅಮ್ಮಾ, ಇದು ಒಬ್ಬ ಮೇಯರ್ ಕಟ್ಟಿಸಿದ ಈಜುಕೊಳ" ಅಂದಳು ಮಗಳು.

"ಸರ್ಕಾರದ ದುಡ್ಡಲ್ಲಾ?"

"ಅಲ್ಲಮ್ಮ, ಅವನ ಸ್ವಂತ ದುಡ್ಡಲ್ಲಿ."

ಬೆಂಗಳೂರಲ್ಲಿ 2020ರವರೆಗೂ ವರ್ಷಕ್ಕೊಬ್ಬ ಮೇಯರ್ ಬದಲಾಗುವುದನ್ನು ನೋಡಿದವಳು ನಾನು. ಇಂಥ ಮೇಯರ್ ಯಾರಪ್ಪ ಅನ್ನಿಸಿ, ಆಮೇಲೆ ಹುಡುಕಿ ಹುಡುಕಿ ಓದಿದೆ.

ಆ ಮೇಯರ್ ಅಡಾಲ್ಫ್ ಸುಟ್ರೋ ಹುಟ್ಟಿದ್ದು 1830ರಲ್ಲಿ, ಈಗಿನ ಜರ್ಮನಿಯ ಆಖನ್‌ನಲ್ಲಿ. ಚಿನ್ನದ ಹುಚ್ಚು ಹಬ್ಬಿದ್ದ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಬಂದು ತಂಬಾಕಿನ ಅಂಗಡಿ ಇಟ್ಟರು. ನೆವಾಡಾದಲ್ಲಿ ಬೆಳ್ಳಿ ಸಿಕ್ಕಿತೆಂದು ಗೊತ್ತಾದ ಮೇಲೆ ಅಲ್ಲಿಗೆ ಹೋದರು. ಅಲ್ಲಿನ ಗಣಿಗಳಲ್ಲಿ ಬಿಸಿನೀರು ಉಕ್ಕುತ್ತಿತ್ತು, ಗಾಳಿಯಾಡುತ್ತಿರಲಿಲ್ಲ. ಬೆಟ್ಟದ ಬುಡದಿಂದ ಸುರಂಗ ಕೊರೆದರೆ ನೀರು ತಾನೇ ಹರಿದು ಹೋಗುತ್ತದೆ, ಒಳಗಿದ್ದವರಿಗೆ ಉಸಿರಾಡಲು ಗಾಳಿಯೂ ಸಿಗುತ್ತದೆ ಎಂಬುದು ಅವರ ಲೆಕ್ಕ. ಬ್ಯಾಂಕಿನವರು, ಗಣಿ ಮಾಲೀಕರು ಮೊದಲು ಹ್ಞೂಂ ಅಂದರು, ಆಮೇಲೆ ಕೈಕೊಟ್ಟರು.

1869ರ ಏಪ್ರಿಲ್‌ನಲ್ಲಿ ಯೆಲ್ಲೋ ಜಾಕೆಟ್ ಗಣಿಗೆ ಬೆಂಕಿ ಬಿದ್ದು ಮೂವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಸುಟ್ರೋ ಹೋಗಿದ್ದು ನೇರವಾಗಿ ಕಾರ್ಮಿಕರ ಹತ್ತಿರ. ಅವರ ಸಂಘಗಳೇ 50,000 ಡಾಲರ್ ಕೊಡಲು ಒಪ್ಪಿದವು. ನೆಲದಡಿ ದುಡಿಯುವವರ ಹಣ! ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಸುಮಾರು 6 ಕಿಲೋಮೀಟರ್ ಸುರಂಗ ಗಣಿ ಮುಟ್ಟಿದ್ದು 1878ರಲ್ಲಿ. ಅಷ್ಟರಲ್ಲಿ ಬೆಳ್ಳಿ ಬರಿದಾಗುತ್ತಾ ಬಂದಿತ್ತು. ಸುಟ್ರೋ ತಮ್ಮ ಷೇರು ಮಾರಿ ಹೊರಬಂದರು. ನಂಬಿ ದುಡ್ಡು ಹಾಕಿದವರನ್ನು ನೆನೆದರೆ, ಹೀಗೆ ಹೊರಬಂದದ್ದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ಆ ದುಡ್ಡಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕರೆಗಟ್ಟಲೆ ಜಮೀನು ಕೊಂಡರು. ಕಡಲ ಮೇಲಿನ ದಿಬ್ಬದಲ್ಲಿದ್ದ ತಮ್ಮ ಮನೆಯ ತೋಟವನ್ನು ಜನರಿಗೆ ಬಿಟ್ಟುಕೊಟ್ಟರು. ಅಲ್ಲಿಗೆ ಬರಲು ರೈಲು ಕಂಪನಿ ಜಾಸ್ತಿ ದುಡ್ಡು ಕೀಳುತ್ತಿತ್ತು. 5 ಸೆಂಟ್ ಸಾಕು ಅಂದರೆ ಕೇಳಲಿಲ್ಲ. ಸುಟ್ರೋ ತಾವೇ ಒಂದು ಟ್ರಾಮ್ ಲೈನ್ ಹಾಕಿಸಿಬಿಟ್ಟರು! ಈ ಜಗಳವೇ ಅವರನ್ನು 1894ರ ಚುನಾವಣೆಯಲ್ಲಿ ಗೆಲ್ಲಿಸಿತು ಅನ್ನಬಹುದು. ಎರಡು ವರ್ಷ ಮೇಯರ್ ಆಗಿದ್ದರು. ಆದರೆ ಆ ಕುರ್ಚಿಯಲ್ಲಿ ಹೆಚ್ಚೇನೂ ಮಾಡಲಾಗಲಿಲ್ಲ. ಕೆಲಸದವರು ನನ್ನ ಮಾತು ಕೇಳುತ್ತಿದ್ದರು, ರಾಜಕಾರಣಿಗಳು ಕೇಳಲಿಲ್ಲ ಎಂದು ಕೊರಗುತ್ತಿದ್ದರಂತೆ.

ನಾವು ನಿಂತಿದ್ದ ಆ ಕೊಳಗಳು ಜನರಿಗೆ ತೆರೆದದ್ದು 1896ರಲ್ಲಿ, ಅವರು ಮೇಯರ್ ಆಗಿದ್ದಾಗಲೇ. ಗಾಜಿನ ಮಾಡಿನಡಿ ಏಳು ಕೊಳ, ಆರರಲ್ಲಿ ಉಪ್ಪುನೀರು. ಕಡಲು ಉಬ್ಬಿದಾಗ ನೀರು ತಾನೇ ನುಗ್ಗಿ ತುಂಬುವ ಹಾಗೆ ಬಂಡೆ ಕೊರೆದಿದ್ದರು. ಆ ಬಂಡೆಯ ಪಕ್ಕದಲ್ಲೇ ಒಂದು ಚಿಕ್ಕ ಸುರಂಗವಿದೆ. ಒಳಗೆ ಹೋಗಿ ನಿಂತೆವು. ಅಲೆ ಅಪ್ಪಳಿಸಿದಾಗ ಕಾಲಡಿಯ ಕಲ್ಲೇ ಅದುರಿತು, ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

ಒಂದು ಮಾತು ಹೇಳಲೇಬೇಕು. 1897ರಲ್ಲಿ ಜಾನ್ ಹ್ಯಾರಿಸ್ ಎಂಬ ಕಪ್ಪು ಜನಾಂಗದವರಿಗೆ ಇಲ್ಲಿ ಈಜಲು ಬಿಡಲಿಲ್ಲ. ಅವರು ಕೋರ್ಟಿಗೆ ಹೋಗಿ ಗೆದ್ದರು. ಎಲ್ಲರಿಗೂ ಅಂತ ಕಟ್ಟಿಸಿದ ಜಾಗದಲ್ಲೂ ಹೀಗಾಯಿತಲ್ಲ!

ಸುಟ್ರೋ 1898ರಲ್ಲಿ ತೀರಿಕೊಂಡರು. ಕೊಳಗಳ ಕಟ್ಟಡ 1966ರಲ್ಲಿ ಸುಟ್ಟುಹೋಯಿತು. ಅವರು ಕೂಡಿಟ್ಟಿದ್ದ ಲಕ್ಷಾಂತರ ಪುಸ್ತಕಗಳಲ್ಲಿ ಸುಮಾರು ಅರ್ಧ 1906ರ ಭೂಕಂಪದ ಬೆಂಕಿಗೆ ಬಲಿಯಾದವು. ಉಳಿದವನ್ನು ಮನೆಯವರು ರಾಜ್ಯ ಗ್ರಂಥಾಲಯಕ್ಕೆ ಕೊಟ್ಟರು, ಊರು ಬಿಟ್ಟು ಒಯ್ಯಬಾರದು ಎಂಬ ಷರತ್ತಿನೊಂದಿಗೆ. ಈಗ ಅವು ಅದೇ ಊರಿನ ಸ್ಟೇಟ್ ಯೂನಿವರ್ಸಿಟಿ ಆವರಣದಲ್ಲಿವೆ. ಮುಂದಿನ ಸಲ ಹೋದಾಗ ಅಲ್ಲಿಗೆ ಕರೆದುಕೊಂಡು ಹೋಗು ಅಂತ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ.